ಕೋಲನ್‌ನಿಂದ ಲಿಂಕ್ಡ್ ಡೇಟಾಗೆ

ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್, ಅಂದರೆ ಡಿಆರ್‌ಟಿಸಿ, ಇರುವುದು ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ. 1962ರಲ್ಲಿ ಬೆಂಗಳೂರಿನಲ್ಲಿ ಈ ಕೇಂದ್ರವನ್ನು ಕಟ್ಟಿದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1933ರಲ್ಲಿ, ಗ್ರಂಥಾಲಯದ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. 1972ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲೇ.

ಇಂದು ಅಲ್ಲಿ ಕಲಿಸುವ, ದತ್ತಾಂಶದ ಅರ್ಥ ಯಂತ್ರಕ್ಕೂ ತಿಳಿಯುವಂತೆ ಕಟ್ಟುವ ಸೆಮ್ಯಾಂಟಿಕ್ ವೆಬ್‌ನ ಬೇರು ಕಂಪ್ಯೂಟರಿಗಿಂತ ಹಳೆಯದು. ವಿಷಯಗಳ ಸಿದ್ಧ ಪಟ್ಟಿಯಲ್ಲಿ ಪುಸ್ತಕಕ್ಕೊಂದು ಜಾಗ ಹುಡುಕುವುದನ್ನು ರಂಗನಾಥನ್ ಒಪ್ಪಲಿಲ್ಲ. ವಿಷಯವನ್ನೇ ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸಬೇಕು ಎಂದರು. ‘1950ರ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆ ಕುರಿತ ಸಂಶೋಧನೆ’ ಎಂಬ ಹೆಸರುವಾಸಿ ಉದಾಹರಣೆಯಲ್ಲಿ ಅಂಗ, ರೋಗ, ಚಿಕಿತ್ಸೆ, ದೇಶ, ಕಾಲ ಒಂದೊಂದಕ್ಕೂ ಬೇರೆ ಸಂಕೇತವಿದೆ. ನಡುವಿನ ವಿರಾಮಚಿಹ್ನೆ ಮುಂದೆ ಬರುವುದು ಯಾವ ಬಗೆಯ ಮುಖ ಎಂದು ಹೇಳುತ್ತದೆ. ಡಿಆರ್‌ಟಿಸಿಯ ವಿದ್ಯಾರ್ಥಿಗಳು ಕೈಯಾರೆ ಪಳಗಿದ್ದು ಈ ಬಿಡಿಸುವ ಕೆಲಸದಲ್ಲೇ. ಅಲ್ಲಿಯೇ ಗಣೇಶ್ ಭಟ್ಟಾಚಾರ್ಯ ಅವರು ‘ಪಾಪ್ಸಿ’ ಎಂಬ ವಿಷಯಸೂಚಿ ಪದ್ಧತಿಯನ್ನು ರೂಪಿಸಿ ಈ ವಿಶ್ಲೇಷಣೆಯನ್ನು ಮುಂದುವರಿಸಿದರು.

2001ರಲ್ಲಿ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು ಸೆಮ್ಯಾಂಟಿಕ್ ವೆಬ್‌ನ ಕಲ್ಪನೆಯನ್ನು ಜನರ ಮುಂದಿಟ್ಟರು. 2006ರಲ್ಲಿ, ವೆಬ್‌ನಲ್ಲಿ ದತ್ತಾಂಶವನ್ನು ಒಂದಕ್ಕೊಂದು ಕೊಂಡಿ ಹಾಕಿ ಪ್ರಕಟಿಸುವ ಲಿಂಕ್ಡ್ ಡೇಟಾದ ನಾಲ್ಕು ನಿಯಮಗಳು ಬಂದವು. ಮರುವರ್ಷವೇ, 2007ರ ಫೆಬ್ರವರಿಯಲ್ಲಿ, ಸೆಮ್ಯಾಂಟಿಕ್ ವೆಬ್ ಮತ್ತು ಡಿಜಿಟಲ್ ಗ್ರಂಥಾಲಯಗಳ ಬಗ್ಗೆ ಡಿಆರ್‌ಟಿಸಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು.

ಹಳೆಯ ವರ್ಗೀಕರಣವೂ ಹೊಸ ಲಿಂಕ್ಡ್ ಡೇಟಾವೂ ಒಂದೇ ಎನ್ನುವುದು ಮಾತ್ರ ತಪ್ಪು. ಕೋಲನ್ ಸಂಕೇತದ ಕೆಲಸ ಪುಸ್ತಕವನ್ನು ಕಪಾಟಿನ ಸಾಲಿನಲ್ಲಿ ಕೂರಿಸುವುದು. ಅದಕ್ಕೆ ಕ್ರಮವೇ ಜೀವ. ಲಿಂಕ್ಡ್ ಡೇಟಾದಲ್ಲಿ ಪ್ರತಿ ವಸ್ತುವಿಗೂ ತನ್ನದೇ ವೆಬ್ ವಿಳಾಸವಿರುತ್ತದೆ. ‘ರಂಗನಾಥನ್ – ಸ್ಥಾಪಿಸಿದ್ದು – ಡಿಆರ್‌ಟಿಸಿ’ ಎಂಬ ಮೂರು ತುಂಡಿನ ಹೇಳಿಕೆಯಲ್ಲಿ ಸಂಬಂಧಕ್ಕೂ ಹೆಸರು ಕೊಡಲೇಬೇಕು. ಆಗ ಮತ್ತೊಂದು ಊರಿನ ಗ್ರಂಥಾಲಯದ ದತ್ತಾಂಶವೂ ಅದೇ ರಂಗನಾಥನ್‌ರತ್ತ ಬೆರಳು ತೋರಬಲ್ಲದು. ಮುಖಗಳನ್ನು ಸರಿಯಾಗಿ ಬಿಡಿಸಲು ಬಾರದವರ ಕೈಯಲ್ಲಿ ಈ ತಂತ್ರಜ್ಞಾನ ಗೊಂದಲವನ್ನೇ ಹೆಣೆಯುತ್ತದೆ. ರಂಗನಾಥನ್‌ರ ಪಾಠಕ್ಕೆ ಬೆಲೆ ಉಳಿದಿರುವುದು ಅದರಿಂದಲೇ.

2008ರಲ್ಲಿ ಕೇಂದ್ರದ ಹಳೆಯ ಅಸೋಸಿಯೇಟ್‌ಶಿಪ್ ಕೋರ್ಸಿನ ಜಾಗದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಪದವಿ ಬಂತು. ಅಲ್ಲಿ ಕಲಿಸುತ್ತಿದ್ದ ಎ.ಆರ್.ಡಿ. ಪ್ರಸಾದ್ ಮತ್ತು ದೇವಿಕಾ ಮಾದಳ್ಳಿ ಅವರು ಸೆಮ್ಯಾಂಟಿಕ್ ಡಿಜಿಟಲ್ ಗ್ರಂಥಾಲಯಗಳಿಗೆ ಮುಖ ವಿಶ್ಲೇಷಣೆಯನ್ನು ಬಳಸುವ ಬಗೆಯನ್ನು ಬರೆದದ್ದೂ ಅದೇ ವರ್ಷ. ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ಫೌಸ್ಟೊ ಜುಂಕಿಲಿಯಾ ಅವರ ತಂಡ ಅದೇ ವಿಶ್ಲೇಷಣೆಯಿಂದ ದೊಡ್ಡ ಭೌಗೋಳಿಕ ಆಂಟಾಲಜಿಯೊಂದನ್ನು, ಅಂದರೆ ಪರಿಕಲ್ಪನೆಗಳ ಮತ್ತು ಅವುಗಳ ಸಂಬಂಧಗಳ ನಕ್ಷೆಯನ್ನು, ಕಟ್ಟುವ ವಿಧಾನವನ್ನು 2012ರಲ್ಲಿ ಪ್ರಕಟಿಸಿತು.