ಬ್ಯಾಂಗಲೋರ್ ಟಾರ್ಪಿಡೋ: ಒಂದು ನಳಿಕೆಯ ಚರಿತ್ರೆ

ಊರಿನ ಹೆಸರು ಪದಾರ್ಥಕ್ಕೆ ಅಂಟಿಕೊಳ್ಳುವುದು ಎಲ್ಲ ಭಾಷೆಗಳಲ್ಲಿಯೂ ಕಂಡುಬರುವ ಸಂಗತಿ. ಕಲ್ಲಿಕೋಟೆಯ ಬಟ್ಟೆ ಇಂಗ್ಲಿಷರ ಬಾಯಲ್ಲಿ ಕ್ಯಾಲಿಕೋ ಆಯಿತು; ಬಂದೂಕದ ತುದಿಗೆ ಸಿಕ್ಕಿಸುವ ಬಯೊನೆಟ್ಟು ಫ್ರಾನ್ಸಿನ ಬಯೋನ್ ಪಟ್ಟಣವನ್ನು ನೆನಪಿಗೆ ತರುತ್ತದೆ. ಬೆಂಗಳೂರಿನ ಹೆಸರೂ ಹೀಗೆಯೇ ಒಂದು ಯುದ್ಧಸಾಧನಕ್ಕೆ ಬಿದ್ದು, ಇಪ್ಪತ್ತನೆಯ ಶತಮಾನದ ದೊಡ್ಡ ಯುದ್ಧಗಳಲ್ಲೆಲ್ಲ ಸಂಚರಿಸಿದೆ. ‘ಬ್ಯಾಂಗಲೋರ್ ಟಾರ್ಪಿಡೋ’ ಎಂಬ ಈ ಸಾಧನವು ಕೋಟೆಯ ಮೇಲೆ ಕೂರಿಸುವ ತೋಪಲ್ಲ, ಗಾಡಿಯ ಮೇಲೆ ಎಳೆಯುವ ಯಂತ್ರವೂ ಅಲ್ಲ. ಮನುಷ್ಯನು ಹೆಗಲ ಮೇಲೆ ಹೊತ್ತು, ಕೊನೆಗೆ ನೆಲಕ್ಕೆ ಎದೆಯೊತ್ತಿ ತೆವಳುತ್ತ ಶತ್ರುವಿನ ಬೇಲಿಯವರೆಗೆ ತಳ್ಳಿಕೊಂಡು ಹೋಗಬೇಕಾದ ವಸ್ತು. ಆದುದರಿಂದಲೇ ಕಾಮ್ಯಾಂಡೋ, ರೇಂಜರ್ ಮೊದಲಾದ ವಿಶೇಷ ಪಡೆಗಳ ಹೊರೆಯಲ್ಲಿ ಇದಕ್ಕೆ ಒಂದು ಸ್ಥಾನ ದೊರೆಯಿತು.

ಹೆಸರಿನ ವಿಷಯದಲ್ಲಿ ಎರಡು ಭ್ರಮೆಗಳುಂಟು. ಟಾರ್ಪಿಡೋ ಎಂದೊಡನೆ ನೀರಿನಡಿಯಲ್ಲಿ ಸಾಗಿ ಹಡಗನ್ನು ಒಡೆಯುವ ಆಯುಧವೇ ಮನಸ್ಸಿಗೆ ಬರುತ್ತದೆ. ಮೂಲದಲ್ಲಿ ಇದು ಮುಟ್ಟಿದವರಿಗೆ ವಿದ್ಯುದಾಘಾತ ಕೊಡುವ ಒಂದು ಜಾತಿಯ ಮೀನಿನ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ನೀರಿನಲ್ಲಾಗಲಿ ನೆಲದಲ್ಲಾಗಲಿ ಅಡಗಿಸಿಟ್ಟ ಸಿಡಿಮದ್ದಿಗೆಲ್ಲ ಈ ಮಾತನ್ನು ಬಳಸುತ್ತಿದ್ದರು. ಆ ಹಳೆಯ ಅರ್ಥವೇ ಇಲ್ಲಿ ಉಳಿದಿದೆ. ಎರಡನೆಯ ಭ್ರಮೆ ಅಭಿಮಾನದಿಂದ ಹುಟ್ಟಿದುದು. ಹೈದರನ ಮತ್ತು ಟಿಪ್ಪುವಿನ ಸೈನ್ಯಗಳು ಕಬ್ಬಿಣದ ನಳಿಕೆಯ ಬಾಣಗಳನ್ನು ಹಾರಿಸಿದ್ದು ನಿಜ. ಅವುಗಳ ಮಾದರಿಯಿಂದ ಇಂಗ್ಲೆಂಡಿನಲ್ಲಿ ಕಾಂಗ್ರೀವನು ತನ್ನ ರಾಕೆಟ್ಟುಗಳನ್ನು ರೂಪಿಸಿದುದೂ ನಿಜ. ಆದರೆ ಆ ನಳಿಕೆಗೂ ಈ ನಳಿಕೆಗೂ ಯಾವ ವಂಶಸಂಬಂಧವೂ ಇಲ್ಲ. ಇದು ಹಾರುವುದಿಲ್ಲ, ಇಟ್ಟಲ್ಲಿಯೇ ಸಿಡಿಯುತ್ತದೆ.

ಈ ಸಾಧನದ ಹುಟ್ಟಿಗೆ ಕಾರಣ ಮುಳ್ಳುತಂತಿ. ಅಮೆರಿಕದ ಇಲಿನಾಯ್ ಪ್ರಾಂತದ ರೈತ ಜೋಸೆಫ್ ಗ್ಲಿಡನ್ ಎಂಬಾತನು ದನಕರುಗಳನ್ನು ಹೊಲದಿಂದ ದೂರವಿಡಲು ಮಾಡಿದ ತಂತಿಗೆ ೧೮೭೪ರಲ್ಲಿ ಹಕ್ಕುಪತ್ರ ಪಡೆದನು. ಮೂವತ್ತು ವರ್ಷ ತುಂಬುವುದರೊಳಗಾಗಿ ಆ ತಂತಿ ಮನುಷ್ಯರನ್ನು ತಡೆಯುವ ಕೆಲಸಕ್ಕೆ ಬಂದಿತು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಕಿಚನರನು ಸಾಲುಸಾಲು ಕಾವಲುಮನೆಗಳನ್ನು ಮುಳ್ಳುತಂತಿಯಿಂದ ಒಂದಕ್ಕೊಂದು ಬಿಗಿದನು. ೧೯೦೪ರಲ್ಲಿ ಪೋರ್ಟ್ ಆರ್ಥರ್ ಕೋಟೆಯ ಮುಂದೆ ಜಪಾನೀ ಕಾಲಾಳುಗಳು ತಂತಿಗೆ ಸಿಕ್ಕಿ ರಷ್ಯನರ ಯಂತ್ರಬಂದೂಕಗಳಿಗೆ ಬಲಿಯಾದರು. ತಂತಿ ತಾನಾಗಿ ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವವನ ಮುಂದೆ ಮನುಷ್ಯನನ್ನು ಒಂದಿಷ್ಟು ಹೊತ್ತು ನಿಲ್ಲಿಸುತ್ತದೆ, ಅಷ್ಟೆ. ಕತ್ತರಿ ಹಿಡಿದು ಬೇಲಿಯ ಬಳಿ ಕುಳಿತವನಿಗೆ ಆ ಹೊತ್ತು ಎಷ್ಟು ದೀರ್ಘವೆಂಬುದನ್ನು ಊಹಿಸಬಹುದು.

ಸಿಡಿಮದ್ದನ್ನು ಕೈಯಲ್ಲಿ ಹೊತ್ತು ತಡೆಯ ಬುಡಕ್ಕೆ ಒಯ್ಯುವ ಪದ್ಧತಿ ಇದಕ್ಕಿಂತ ಬಹು ಹಳೆಯದು. ದೆಹಲಿಯಲ್ಲಿ ವಾಸಿಸುವ ಕನ್ನಡಿಗರಿಗೆ ಕಾಶ್ಮೀರೀ ದರವಾಜೆ ಪರಿಚಿತವಾದುದೇ. ೧೮೫೭ರ ಸೆಪ್ಟೆಂಬರ್ ೧೪ರ ಬೆಳಗ್ಗೆ ಬಂಗಾಳ ಸ್ಯಾಪರ್ ಪಡೆಯ ಒಂದು ಸಣ್ಣ ತಂಡವು ಮದ್ದಿನ ಚೀಲಗಳನ್ನು ಹೊತ್ತು ಓಡಿ ಆ ಬಾಗಿಲನ್ನು ಸಿಡಿಸಿತು. ಹೋಮ್, ಸಾಲ್ಕೆಲ್ಡ್ ಎಂಬ ಅಧಿಕಾರಿಗಳ ಜೊತೆಯಲ್ಲಿ ಹೋದ ಭಾರತೀಯ ಸಿಪಾಯಿಗಳಲ್ಲಿ ಕೆಲವರ ಹೆಸರುಗಳನ್ನು ಅಲ್ಲಿಯ ಶಿಲಾಫಲಕದಲ್ಲಿ ಇಂದಿಗೂ ಓದಬಹುದು. ಸಾಲ್ಕೆಲ್ಡನು ಬತ್ತಿಗೆ ಬೆಂಕಿ ಮುಟ್ಟಿಸಹೋಗಿ ಗಾಯಗೊಂಡು, ಆ ಗಾಯದಿಂದಲೇ ಮುಂದೆ ತೀರಿಕೊಂಡನು. ಮರದ ಬಾಗಿಲಿಗೆ ಮದ್ದಿನ ಚೀಲ ಸಾಕಾಗಿತ್ತು. ಗಾಳಿಯಾಡುವ ತಂತಿಯ ಬಲೆಗೆ ಚೀಲದಿಂದ ಪ್ರಯೋಜನವಿಲ್ಲ. ಸ್ಫೋಟದ ಬಲವೆಲ್ಲ ಒಂದೇ ಕಡೆ ವ್ಯಯವಾಗಿ ಆಚೀಚೆಯ ತಂತಿ ಹಾಗೆಯೇ ನಿಂತಿರುತ್ತದೆ.

ಈ ತೊಡಕಿಗೆ ಉತ್ತರ ದೊರೆತುದು ಬೆಂಗಳೂರಿನ ದಂಡಿನಲ್ಲಿ. ೧೭೮೦ರಲ್ಲಿ ಮದರಾಸಿನಲ್ಲಿ ಪಯೊನಿಯರ್ ಪಡೆಯಾಗಿ ಆರಂಭವಾದ ಮದ್ರಾಸ್ ಸ್ಯಾಪರ್ಸ್ ಪಡೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಹಲಸೂರು ಕೆರೆಯ ನೆರೆಗೆ ಬಂದು ನೆಲೆಸಿತ್ತು. ಸೇತುವೆ ಕಟ್ಟುವುದು, ದಾರಿ ಬಿಡಿಸುವುದು, ಸುರಂಗ ತೋಡುವುದು, ಸಿಡಿಸುವುದು ಇವರ ಕಸಬು. ದಕ್ಷಿಣದ ನಾನಾ ಭಾಷೆಗಳ ಜನರಿದ್ದ ಈ ಪಡೆಯ ಸಿಪಾಯಿಗೆ ‘ತಂಬಿ’ ಎಂಬ ಅಕ್ಕರೆಯ ಹೆಸರು ಇಂದಿಗೂ ನಡೆದುಬಂದಿದೆ. ಈ ಪಡೆಗೆ ಸೇರಿಕೊಂಡಿದ್ದ ರಾಯಲ್ ಎಂಜಿನಿಯರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ೧೯೧೨ರಲ್ಲಿ ಸಿಡಿಮದ್ದನ್ನು ಉದ್ದನೆಯ ನಳಿಕೆಯಲ್ಲಿ ತುಂಬಿ ಬೇಲಿಯ ಕೆಳಗೆ ತೂರಿಸುವ ಉಪಾಯವನ್ನು ರೂಪಿಸಿದನು. ಬೋಯರ್ ಯುದ್ಧದಲ್ಲಿಯೂ ರಷ್ಯ-ಜಪಾನ್ ಯುದ್ಧದಲ್ಲಿಯೂ ಉಳಿದುಹೋಗಿದ್ದ ತಡೆಗಳನ್ನು ತೆಗೆಯಲು ಇದನ್ನು ಮಾಡಿದನೆಂದು ಹಲವು ಗ್ರಂಥಗಳಲ್ಲಿ ಬರೆದಿದೆ. ಆಫ್ರಿಕದಲ್ಲಿಯೂ ಮಂಚೂರಿಯದಲ್ಲಿಯೂ ಉಳಿದ ತಂತಿಯನ್ನು ತೆಗೆಯಲು ಬೆಂಗಳೂರಿನಲ್ಲಿ ಯಂತ್ರ ಹೂಡುವುದು ಯುಕ್ತಿಗೆ ಹೊಂದುವ ಮಾತಲ್ಲ. ಆ ಯುದ್ಧಗಳು ಕಲಿಸಿದ ಪಾಠವನ್ನು ಮುಂದಿನ ಯುದ್ಧಕ್ಕಾಗಿ ಉಪಯೋಗಿಸಿಕೊಂಡನೆಂದು ತಿಳಿಯುವುದೇ ಸರಿಯಾದೀತು. ಹೆಸರಿನಲ್ಲಿ ಉಳಿದುದು ಮೆಕ್ಲಿಂಟಾಕನೂ ಅಲ್ಲ, ಪಡೆಯೂ ಅಲ್ಲ, ಊರು.

ರಚನೆ ಸರಳ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕನರು ಬಳಸಿದ ಮಾದರಿಯನ್ನು ತೆಗೆದುಕೊಂಡರೆ, ಒಂದೊಂದು ನಳಿಕೆ ೫ ಅಡಿ ಉದ್ದ, ಎರಡು ಅಂಗುಲಕ್ಕೆ ತುಸು ಹೆಚ್ಚು ದಪ್ಪ. ತೂಕ ೧೩ ಪೌಂಡು. ಅದರಲ್ಲಿ ೯ ಪೌಂಡು ಸಿಡಿಮದ್ದು. ಒಂದು ಪೆಟ್ಟಿಗೆಯಲ್ಲಿ ಇಂತಹ ೧೦ ನಳಿಕೆಗಳು. ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಕೊಳವೆಯಂತಹ ತೊಡಿಗೆಯಿಂದ ಜೋಡಿಸುತ್ತ ಹೋಗಬಹುದು. ಎಲ್ಲಕ್ಕಿಂತ ಮುಂದಿನದಕ್ಕೆ ದುಂಡು ಮೂತಿಯೊಂದನ್ನು ಹಾಕುತ್ತಾರೆ. ಚೂಪಾಗಿದ್ದರೆ ಹುಲ್ಲುಬೇರಿಗೋ ತಂತಿಗೋ ಸಿಕ್ಕಿಕೊಳ್ಳುತ್ತದೆ. ಹಳ್ಳದ ಮರೆಯಲ್ಲಿಯೋ ಗೋಡೆಯ ಮರೆಯಲ್ಲಿಯೋ ಮಲಗಿ ಒಂದೊಂದೇ ನಳಿಕೆಯನ್ನು ಕೂಡಿಸುತ್ತ ಮುಂದಕ್ಕೆ ತಳ್ಳಬೇಕು. ಕೊನೆಯ ನಳಿಕೆಯ ಬಾಲದಲ್ಲಿ ಬತ್ತಿಯನ್ನು ಸಿಕ್ಕಿಸಿ ಹಿಂದೆ ಸರಿಯಬೇಕು. ಸಿಡಿತವು ನಳಿಕೆಯ ಉದ್ದಕ್ಕೂ ಒಮ್ಮೆಗೇ ಹರಿದು, ಉಕ್ಕಿನ ಚೂರುಗಳೂ ಗಾಳಿಯ ಹೊಡೆತವೂ ಕೂಡಿ ತಂತಿಯನ್ನು ತುಂಡರಿಸುತ್ತವೆ. ಹತ್ತು ಅಡಿಗೂ ಮಿಕ್ಕ ಅಗಲದ ದಾರಿ ಬಿಡುತ್ತದೆ.

ಇಲ್ಲಿ ಗಮನಿಸತಕ್ಕ ಅಂಶ ತೂಕವೇ. ಹತ್ತು ನಳಿಕೆಗಳು ಕೂಡಿದರೆ ೧೩೦ ಪೌಂಡು. ಅದು ಒಬ್ಬನ ಹೊರೆಯಲ್ಲ. ತನ್ನ ಬಂದೂಕ, ಗುಂಡು, ಕೈಬಾಂಬು, ನೀರು, ಊಟ ಇಷ್ಟನ್ನು ಹೊತ್ತ ಸೈನಿಕನ ಮೇಲೆ ಇನ್ನು ಒಂದೋ ಎರಡೋ ನಳಿಕೆ ಹೇರಬಹುದು. ಆದಕಾರಣ ನಳಿಕೆಗಳನ್ನು ತಂಡದ ಹಲವರಿಗೆ ಹಂಚುತ್ತಾರೆ. ಬೇಲಿಯ ಬಳಿ ಎಲ್ಲರೂ ತಲುಪಿದರೆ ಮಾತ್ರ ಆಯುಧ ಪೂರ್ಣವಾಗುತ್ತದೆ. ನಡುವೆ ಇಬ್ಬರು ಬಿದ್ದರೆ ಅಷ್ಟು ಅಡಿ ಮೊಟಕು. ದಾರಿಯಲ್ಲಿ ಬಿದ್ದವನ ನಳಿಕೆಯನ್ನು ಎತ್ತಿಕೊಳ್ಳುವುದು ಹಿಂದೆ ಬರುವವನ ಕರ್ತವ್ಯ.

ಮೊದಲನೆಯ ಮಹಾಯುದ್ಧದ ಪಶ್ಚಿಮ ರಂಗದಲ್ಲಿ ಈ ಸಾಧನಕ್ಕೆ ಕೂಡಲೇ ಕೆಲಸ ಒದಗಿತು. ದೊಡ್ಡ ಕಾಳಗಗಳಲ್ಲಿ ತಂತಿ ಕಡಿಯುವ ಭಾರವನ್ನು ತೋಪುಗಳಿಗೆ ಬಿಟ್ಟಿದ್ದರು. ಆ ನಂಬಿಕೆ ಎಷ್ಟು ಸಲ ಸುಳ್ಳಾಯಿತೆಂಬುದಕ್ಕೆ ೧೯೧೬ರ ಸೋಮ್ ಕಾಳಗವೇ ಸಾಕ್ಷಿ. ಆದರೆ ರಾತ್ರಿಯ ಹೊತ್ತು ಶತ್ರುವಿನ ಕಂದಕಕ್ಕೆ ನುಗ್ಗಿ ಒಬ್ಬಿಬ್ಬರನ್ನು ಸೆರೆಹಿಡಿದು ತರುವ ಸಣ್ಣ ತಂಡಗಳು ತೋಪನ್ನು ನೆಚ್ಚಿಕೊಂಡಿರಲಿಲ್ಲ. ಮುಖಕ್ಕೆ ಮಸಿ ಬಳಿದು, ಉದ್ದ ಬಂದೂಕವನ್ನು ಬಿಟ್ಟು, ಪಿಸ್ತೂಲು, ಕೈಬಾಂಬು, ಮೊಳೆ ಹೊಡೆದ ದೊಣ್ಣೆ ಇವನ್ನು ಹಿಡಿದು ಹೊರಡುತ್ತಿದ್ದ ಈ ತಂಡಗಳೇ ಮುಂದಿನ ಕಾಮ್ಯಾಂಡೋಗಳ ಪೂರ್ವಜರೆನ್ನಬಹುದು. ಬ್ಯಾಂಗಲೋರ್ ಟಾರ್ಪಿಡೋ ಅವರ ಸರಂಜಾಮಿನಲ್ಲಿ ಸೇರಿಹೋಯಿತು.

ಇದೇ ಜಾತಿಯ ನಳಿಕೆಯು ಜಪಾನಿನಲ್ಲಿ ಒಂದು ವಿಚಿತ್ರ ಕಥೆಗೆ ಕಾರಣವಾಯಿತು. ೧೯೩೨ರ ಫೆಬ್ರವರಿ ೨೨ರಂದು ಶಾಂಘೈ ನಗರದ ಹೊರವಲಯದಲ್ಲಿ ಚೀನೀಯರ ತಂತಿಬೇಲಿಯನ್ನು ಸಿಡಿಸಲು ಮದ್ದು ತುಂಬಿದ ಉದ್ದನೆಯ ಬಿದಿರಿನ ನಳಿಕೆಯನ್ನು ಹೊತ್ತು ಓಡಿದ ಮೂವರು ಸಾಮಾನ್ಯ ಸಿಪಾಯಿಗಳು ಅದರೊಡನೆಯೇ ಛಿದ್ರರಾದರು. ಬೇಲಿ ತೆರೆಯಿತು. ಅವರು ತಿಳಿದೂ ತಿಳಿದೂ ಪ್ರಾಣವನ್ನು ಅರ್ಪಿಸಿದರೆಂದು ಪತ್ರಿಕೆಗಳು ಸಾರಿದುವು. ಕೆಲವೇ ವಾರಗಳಲ್ಲಿ ನಾಟಕಗಳೂ ಚಲಚ್ಚಿತ್ರಗಳೂ ಬಂದುವು. ಪತ್ರಿಕೆಯೊಂದು ಏರ್ಪಡಿಸಿದ ಹಾಡಿನ ಸ್ಪರ್ಧೆಯಲ್ಲಿ ಹೆಸರಾಂತ ಕವಿ ಯೊಸಾನೊ ಟೆಕ್ಕನ್ ಗೆದ್ದನು. ಬತ್ತಿಯನ್ನು ಮೊದಲೇ ಹೊತ್ತಿಸಿಕೊಂಡು ಓಡುವಾಗ ದಾರಿಯಲ್ಲಿ ತಡವಾಗಿ, ಹಿಂದಿರುಗಲು ಹೊತ್ತು ಸಾಲದೆ ಹೋಯಿತೆಂಬ ವಿವರಣೆ ಆಮೇಲೆ ಬಂದಿತು. ಇದೇ ಹೆಚ್ಚು ಸಂಭಾವ್ಯ. ಹೊತ್ತವನು ಬದುಕಿ ಬರಲೆಂದೇ ನಳಿಕೆಗೆ ಉದ್ದವನ್ನೂ ಬತ್ತಿಗೆ ಅವಧಿಯನ್ನೂ ಇಟ್ಟಿರುವುದು. ಆ ಲೆಕ್ಕ ತಪ್ಪಿದ ಮೂರು ಸಾವುಗಳನ್ನು ಒಂದು ರಾಷ್ಟ್ರವು ಆದರ್ಶವಾಗಿ ಎತ್ತಿ ಹಿಡಿದುದರ ಫಲ ಮುಂದಿನ ಹದಿಮೂರು ವರ್ಷಗಳಲ್ಲಿ ಕಂಡುಬಂದಿತು.

ವಿಶೇಷ ಪಡೆಗಳು ಈ ನಳಿಕೆಯನ್ನು ಹೇಗೆ ಬಳಸಿಕೊಂಡುವೆಂಬುದಕ್ಕೆ ೧೯೪೨ರ ಆಗಸ್ಟ್ ೧೯ರ ದೀಯೆಪ್ ದಾಳಿ ಉತ್ತಮ ನಿದರ್ಶನ. ಫ್ರಾನ್ಸಿನ ಆ ರೇವಿನ ಮೇಲೆ ಸುಮಾರು ಆರು ಸಾವಿರ ಜನ, ಹೆಚ್ಚಾಗಿ ಕೆನಡದವರು, ನಡೆಸಿದ ದಾಳಿ ಒಟ್ಟಿನಲ್ಲಿ ಘೋರ ವಿಫಲತೆ. ಪಶ್ಚಿಮದ ಅಂಚಿನಲ್ಲಿ, ವಾರಾಂಜ್‌ವಿಲ್ ಬಳಿಯ ಆರು ಜರ್ಮನ್ ತೋಪುಗಳನ್ನು ಅಡಗಿಸಲು ಹೋದ ನಾಲ್ಕನೆಯ ನಂಬರಿನ ಕಾಮ್ಯಾಂಡೋ ಪಡೆಯೊಂದು ಮಾತ್ರ ಹೇಳಿದ ಕೆಲಸವನ್ನು ಹೇಳಿದಂತೆ ಮುಗಿಸಿತು. ಲಾರ್ಡ್ ಲವಟನ ನೇತೃತ್ವದ ಈ ಜನ ಉಕ್ಕಿನ ಶಿರಸ್ತ್ರಾಣವನ್ನು ಬಿಟ್ಟು ಉಣ್ಣೆಯ ಟೊಪ್ಪಿಗೆ ಧರಿಸಿದ್ದರು. ಮಿಲ್ಸ್-ರಾಬರ್ಟ್ಸ್ ನಡೆಸಿದ ಒಂದು ಭಾಗವು ಬಿಳಿಯ ಸುಣ್ಣಕಲ್ಲಿನ ದಂಡೆಯ ಒಂದು ಕೊರಕಲಿನ ಮೂಲಕ ಮೇಲೇರಬೇಕಾಗಿತ್ತು. ಕೊರಕಲಿನ ತುಂಬ ಮುಳ್ಳುತಂತಿ. ಅದನ್ನು ಬ್ಯಾಂಗಲೋರ್ ಟಾರ್ಪಿಡೋಗಳಿಂದ ಸಿಡಿಸಿದರು. ಲವಟನ ಜೊತೆಗಿದ್ದ ಇನ್ನೊಂದು ಭಾಗವು ಬೇರೊಂದು ದಡದಲ್ಲಿ ಇಳಿದು, ಕೋಳಿಗೂಡಿಗೆ ಹೊದಿಸುವಂತಹ ಬಲೆಯನ್ನು ತಂತಿಯ ಮೇಲೆ ಹಾಸಿ ದಾಟಿತು. ಒಂದೇ ಬೆಳಗ್ಗೆ, ಒಂದೇ ಪಡೆ, ಒಂದೇ ಬಗೆಯ ಬೇಲಿಗೆ ಎರಡು ಉಪಾಯಗಳು! ಬಲೆ ಹಗುರ, ಸದ್ದಿಲ್ಲದ್ದು. ಆದರೆ ಕಿರಿದಾದ ಕೊರಕಲಿನಲ್ಲಿ ಒತ್ತೊತ್ತಾಗಿ ತುರುಕಿದ ತಂತಿಗೆ ಅದು ಸಲ್ಲದು. ನಳಿಕೆ ಖಂಡಿತವಾಗಿ ದಾರಿ ಬಿಡಿಸುತ್ತದೆ. ಬಿಡಿಸಿದೊಡನೆ ಊರಿಗೆಲ್ಲ ಸಾರುತ್ತದೆ. ಅಂದು ಆ ಸದ್ದಿನಿಂದ ಕೆಲಸ ಕೆಡಲಿಲ್ಲ. ಬಳಿಕ ಸಣ್ಣ ಮಾರ್ಟರಿನ ಒಂದು ಗುಂಡು ತೋಪಿನ ಮದ್ದಿನ ರಾಶಿಗೆ ಬಿದ್ದು ತೋಪುಗಳು ಮೂಕವಾದುವು.

೧೯೪೪ರ ಜೂನ್ ೬ರಂದು ನಾರ್ಮಂಡಿಯ ಒಮಾಹ ತೀರದಲ್ಲಿ ಸದ್ದಿನ ಚಿಂತೆ ಯಾರಿಗೂ ಇರಲಿಲ್ಲ. ಸಮುದ್ರದ ಗೋಡೆಯ ಮರೆಯಲ್ಲಿ ಸಿಕ್ಕಿಬಿದ್ದವರಿಗೆ ಎದುರಿನ ರಸ್ತೆಯಾಚೆ ತಂತಿಯ ಸುರುಳಿ, ಅದರಾಚೆ ದಿಬ್ಬ, ದಿಬ್ಬದ ಮೇಲೆ ಯಂತ್ರಬಂದೂಕ. ಅಮೆರಿಕದ ಐದನೆಯ ರೇಂಜರ್ ಪಡೆಯವರೂ ಜನರಲ್ ಕೋಟನ ಬಳಿಯಿದ್ದ ಕಾಲಾಳುಗಳೂ ಆ ತಂತಿಯಲ್ಲಿ ದಾರಿ ತೆರೆದುದು ಈ ನಳಿಕೆಗಳಿಂದಲೇ. ಕೋಟನು ತೆರೆಸಿದ ದಾರಿಯಲ್ಲಿ ಮೊದಲು ನುಗ್ಗಿದ ಸೈನಿಕನು ಅಲ್ಲಿಯೇ ಗುಂಡಿಗೆ ಬಿದ್ದನು. ಎರಡನೆಯವರು, ಮೂರನೆಯವರು ಹೋದರು. ೧೯೬೨ರ ‘ದಿ ಲಾಂಗೆಸ್ಟ್ ಡೇ’ ಮತ್ತು ೧೯೯೮ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರಗಳಲ್ಲಿ ಈ ಪ್ರಸಂಗವನ್ನು ನೋಡಿದವರು ಸೈನಿಕರು ‘ಬ್ಯಾಂಗಲೋರ್’ ಎಂದು ಕೂಗಿ ನಳಿಕೆಗಳನ್ನು ತರಿಸಿಕೊಳ್ಳುವುದನ್ನು ಕೇಳಿರಬಹುದು. ಟಾರ್ಪಿಡೋ ಎಂಬ ಉತ್ತರಪದ ಅವರ ಬಾಯಲ್ಲಿ ಸವೆದುಹೋಗಿ, ಊರಿನ ಅಂಕಿತನಾಮವೇ ಬಹುವಚನ ಹಿಡಿಯುವ ರೂಢನಾಮವಾಗಿತ್ತು.

ಬಡ ಸೈನ್ಯಗಳ ಕೈಯಲ್ಲಿ ಇದು ಮತ್ತೆ ಬಿದಿರಿಗೆ ಮರಳಿತು. ೧೯೫೪ರಲ್ಲಿ ದಿಯೆನ್ ಬಿಯೆನ್ ಫು ಕಣಿವೆಯ ಫ್ರೆಂಚ್ ನೆಲೆಗಳ ಮೇಲೆ ಏರಿದ ವಿಯೆಟ್ ಮಿನ್ ಯೋಧರು ಸಿಡಿಮದ್ದಿನ ನಳಿಕೆಗಳನ್ನು ಒಂದರ ಹಿಂದೊಂದು ಒಯ್ದು ತಂತಿಯ ಸಾಲುಗಳನ್ನು ಒಡೆದರು. ಅನಂತರದ ಅಮೆರಿಕ ಯುದ್ಧದಲ್ಲಿ ವಿಯೆಟ್ನಾಮಿನ ‘ಡಾಕ್ ಕಾಂಗ್’ ಎಂಬ ವಿಶೇಷ ಪಡೆಯವರು ಈ ಕಲೆಯನ್ನು ಪರಾಕಾಷ್ಠೆಗೆ ಒಯ್ದರು. ಅವರ ಸಜ್ಜು ನೋಡುವವರಿಗೆ ಸಜ್ಜೆಂದೇ ತೋರದು: ಒಂದು ಚಡ್ಡಿ, ಮೈಗೆ ಇದ್ದಿಲು ಅಥವಾ ಕೆಸರು, ಬರಿಗಾಲು, ತಂತಿಕತ್ತರಿ, ತಂತಿಯನ್ನು ಎತ್ತಿ ನಿಲ್ಲಿಸಲು ಬಿದಿರಿನ ಕಡ್ಡಿ, ಮದ್ದಿನ ಚೀಲ. ಬಟ್ಟೆ ತಂತಿಗೆ ಸಿಕ್ಕುತ್ತದೆ. ಬರಿಮೈಗೆ ಎಡವುತಂತಿಯ ಸ್ಪರ್ಶ ಮೊದಲೇ ತಿಳಿಯುತ್ತದೆ. ಗಂಟೆಗಟ್ಟಲೆ ತೆವಳಿ, ತಂತಿಯನ್ನು ಪೂರ್ತಿ ಕಡಿಯದೆ ಮುಕ್ಕಾಲು ಪಾಲು ಕಡಿದು, ಸಡಿಲಿ ಸದ್ದಾಗದಂತೆ ದಾರದಿಂದ ಕಟ್ಟಿ ಮುಂದುವರಿಯುತ್ತಿದ್ದರು. ನಳಿಕೆಯನ್ನು ಕಾವಲುಗಾರನು ಎಚ್ಚೆತ್ತ ಪಕ್ಷದಲ್ಲಿ ಮಾತ್ರ ಸಿಡಿಸುವುದು. ೧೯೭೧ರ ಮಾರ್ಚ್ ೨೮ರ ರಾತ್ರಿ ಮೇರಿ ಆನ್ ಎಂಬ ಅಮೆರಿಕನ್ ಠಾಣೆಯನ್ನು ಹೊಕ್ಕು ಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದವರು ಇಂತಹ ಯೋಧರೇ. ಹೊರೆ ಕಡಿಮೆಯಾದಷ್ಟೂ ಹೊತ್ತವನ ಶಿಕ್ಷಣ ಹೆಚ್ಚಬೇಕಾಗುತ್ತದೆಂಬುದು ಇವರ ರೀತಿಯಿಂದ ಸ್ಪಷ್ಟವಾಗುತ್ತದೆ.

ಈಚಿನ ಮಾದರಿಗಳ ಪ್ರಯತ್ನವೆಲ್ಲ ಒಂದೇ ದಿಕ್ಕಿನಲ್ಲಿದೆ: ಹೊತ್ತವನನ್ನು ಬೇಲಿಯಿಂದ ದೂರವಿಡುವುದು. ಅಮೆರಿಕನರು ಇಬ್ಬರು ಬೆನ್ನಚೀಲಗಳಲ್ಲಿ ಒಯ್ಯಬಲ್ಲ ಒಂದು ಸಾಧನವನ್ನು ಮಾಡಿದ್ದಾರೆ. ಅದರಲ್ಲಿ ಪುಟ್ಟ ರಾಕೆಟ್ಟೊಂದು ಸಿಡಿಗುಂಡುಗಳನ್ನು ಪೋಣಿಸಿದ ಹಗ್ಗವನ್ನು ಎಳೆದುಕೊಂಡು ಹಾರಿ ತಂತಿಯ ಮೇಲೆ ಹರಡುತ್ತದೆ. ಸೈನಿಕನು ಅಷ್ಟು ದೂರ ಹಿಂದೆಯೇ ಉಳಿಯುತ್ತಾನೆ. ಬ್ರಿಟಿಷರು ಹಳೆಯ ನಳಿಕೆಯನ್ನೇ ಹಗುರವಾದ ಅಲ್ಯುಮಿನಿಯಮ್ಮಿನಲ್ಲಿ ಹೊಸದಾಗಿ ರೂಪಿಸಿ ‘ಬ್ಯಾಂಗಲೋರ್ ಬ್ಲೇಡ್’ ಎಂದು ಕರೆದರು. ನಗರದ ಇಂಗ್ಲಿಷ್ ಹೆಸರು ೨೦೧೪ರ ನವೆಂಬರ್ ೧ರಂದು ‘ಬೆಂಗಳೂರು’ ಎಂದು ಬದಲಾಯಿತು. ನಳಿಕೆಯ ಹೆಸರು ಮಾತ್ರ ಸೈನ್ಯಗಳ ಕೈಪಿಡಿಗಳಲ್ಲಿ ಹಳೆಯ ಕಾಗುಣಿತದಲ್ಲಿಯೇ ಮುಂದುವರಿದಿದೆ.