ಗಾಳಿಯ ದಾರಿ, ಒಳಗಿನ ದಾರಿ: ಫೋನಿನ ಹಾಡನ್ನು ಗುರುತಿಸುವ ಆ್ಯಪ್‌ಗಳ ಚರಿತ್ರೆ, ಕಿಣತ್ತುಕಡವಿನ ಪಟ್ಟಿಯೊಂದರ ನೆಪದಲ್ಲಿ

ಆನ್‌ಲೈನ್ ಸೆಮಿನಾರಿನಲ್ಲಿ ಪರದೆ ಹಂಚಿಕೊಳ್ಳುವಾಗ ‘ಸೌಂಡ್ ಷೇರ್’ ಅಂತ ಬೇರೆಯೇ ಒಂದು ಗುಂಡಿ ಇರುತ್ತೆ, ನೋಡಿರ್ತೀರಿ. ಅದನ್ನು ಒತ್ತದಿದ್ದರೆ ಹಾಡು ಸ್ಪೀಕರಿನಿಂದ ಹೊರಬಂದು, ಕೋಣೆಯ ಗಾಳಿ ದಾಟಿ, ಫ್ಯಾನಿನ ಸದ್ದನ್ನೂ ಹೊತ್ತುಕೊಂಡು ಮೈಕಿಗೆ ಬೀಳುತ್ತೆ. ಒತ್ತಿದರೆ ಒಳಗಿಂದೊಳಗೇ ಹೋಗುತ್ತೆ. ಶಜಾಮ್‌ನಂಥ ಆ್ಯಪ್‌ಗಳ ಚರಿತ್ರೆಯನ್ನು ಈ ಎರಡು ದಾರಿಗಳ ಚರಿತ್ರೆಯಾಗಿ ಓದಬಹುದು ಅನ್ನೋದು ನನ್ನ ಪ್ರಬಂಧದ ಹೂರಣ.

ನಾನು ಕೆಲಸ ಮಾಡ್ತಿರೋದು ಕಿಣತ್ತುಕಡವಿನಲ್ಲಿ. ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ದಾರಿಯಲ್ಲಿರುವ ಊರು. ಈ ಸೀಮೆಯ ದೇವಾಂಗ ನೇಕಾರರ ಮನೆಮಾತು ಕನ್ನಡ. ಶಾಲೆಯಲ್ಲಿ, ಅಂಗಡಿಯಲ್ಲಿ ತಮಿಳು. ಚೌಡೇಶ್ವರಿ ಹಬ್ಬದ ಹಾಡು, ಮದುವೆ ಹಾಡು, ಹಳೇ ಸಿನಿಮಾ ಹಾಡು ಎಲ್ಲವೂ ಈಗ ಹೆಸರಿಲ್ಲದ ತುಣುಕುಗಳಾಗಿ ಫೋನಿನಿಂದ ಫೋನಿಗೆ ಹರಿದಾಡ್ತವೆ. ಇವನ್ನು ಪಟ್ಟಿ ಮಾಡಲು ಕೂತವರಿಗೆ ಒಂದು ಸುಲಭದ ದಾರಿ ಕಾಣುತ್ತೆ: ಆ್ಯಪ್‌ಗೆ ಕೇಳಿಸೋದು, ಹೆಸರು ಬಂದರೆ ‘ಸಿನಿಮಾ’, ಬರದಿದ್ದರೆ ‘ಜಾನಪದ’ ಅಂತ ಬರೆದುಬಿಡೋದು. ಅದು ಯಾಕೆ ಸಲ್ಲದು ಎಂದು ತೋರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಹಾಡು ಮುಗಿಯುವಾಗ ಗಾಯಕಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳ್ತಾರೆ. ಡಿಸ್ಕುಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಅಂತ ತಿಳಿಯಲಿ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಅಂದರೆ ಆಗ ಹಾಡು ತನ್ನ ಗುರುತನ್ನು ತಾನೇ ಹೊತ್ತು ತರುತ್ತಿತ್ತು. (ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಬಗ್ಗೆ ಬೇರೆಯೇ ಒಂದು ಪ್ರಬಂಧ ಬರೆಯಬೇಕು.) ಆ ಕಾಲದ ಮುದ್ರಣದಲ್ಲಿ ಮೈಕ್ ಇರಲಿಲ್ಲ, ದೊಡ್ಡ ಕಹಳೆಯೊಳಗೆ ಗಂಟಲೆತ್ತಿ ಹಾಡಬೇಕು. ವಿದ್ಯುತ್ ಮುದ್ರಣ ಬಂದದ್ದು 1925ರಲ್ಲಿ.

ಹೆಸರು ಹೇಳದ ಹಾಡನ್ನೂ ಗುರುತಿಸುವ ಸೇವೆಯಾಗಿ ಶಜಾಮ್ 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾಯಿತು. ಆಗ ಆ್ಯಪ್ ಎಲ್ಲಿತ್ತು? 2580ಕ್ಕೆ ಕರೆ ಮಾಡಿ, ಹಾಡು ಕೇಳಿಸುವ ಕಡೆಗೆ ಫೋನ್ ಹಿಡಿದರೆ, ಕರೆ ತಾನೇ ಕಟ್ಟಾಗಿ ಎಸ್ಸೆಮ್ಮೆಸ್ಸಿನಲ್ಲಿ ಹಾಡಿನ ಹೆಸರು ಬರುತ್ತಿತ್ತು. ಇದರ ಲೆಕ್ಕವನ್ನು ಆವರಿ ವಾಂಗ್ 2003ರ ಲೇಖನದಲ್ಲಿ ವಿವರಿಸಿದ್ದಾರೆ. ಧ್ವನಿಯನ್ನು ಕಾಲ ಮತ್ತು ಕಂಪನಾಂಕಗಳ ನಕ್ಷೆಯಾಗಿ ಬಿಡಿಸಿ, ಎದ್ದು ಕಾಣುವ ಶಿಖರಗಳನ್ನಷ್ಟೇ ಉಳಿಸಿಕೊಳ್ಳೋದು. ರಾತ್ರಿ ಆಕಾಶದ ಚುಕ್ಕಿಗಳ ಹಾಗೆ. ಆಮೇಲೆ ಎರಡೆರಡು ಚುಕ್ಕಿಗಳನ್ನು ಜೋಡಿ ಮಾಡಿ, ಅವುಗಳ ಕಂಪನಾಂಕ ಮತ್ತು ನಡುವಿನ ಕಾಲವನ್ನು ಒಂದು ಸಂಖ್ಯೆಯಾಗಿಸಿ, ಭಂಡಾರದಲ್ಲಿ ಹುಡುಕೋದು. ಗದ್ದಲ ಸೇರಿದರೆ ಕೆಲವು ಚುಕ್ಕಿ ಹೋಗ್ತವೆ, ಆದರೆ ಉಳಿದಷ್ಟೇ ಸಾಕಾಗುತ್ತೆ. ನನಗೆ ಮುಖ್ಯವಾದ ಮಾತು ಮುಂದಿನದು: ಇದು ರಾಗವನ್ನಾಗಲಿ ಸಾಹಿತ್ಯವನ್ನಾಗಲಿ ಗುರುತಿಸೋದಿಲ್ಲ, ಒಂದು ನಿರ್ದಿಷ್ಟ ಮುದ್ರಣವನ್ನು ಗುರುತಿಸುತ್ತೆ. ಅದೇ ಗಾಯಕಿ ಅದೇ ಹಾಡನ್ನು ಇನ್ನೊಂದು ದಿನ ಹಾಡಿದರೆ ಚುಕ್ಕಿಗಳು ಬೇರೆ. ಗುನುಗಿದ್ದನ್ನು ಹುಡುಕುವ ಗೂಗಲ್‌ನ ವಿಧಾನ, 2020ರದ್ದು, ಬೇರೆ ಜಾತಿಯದು.

ಇಷ್ಟೆಲ್ಲ ಆದರೂ ಕೇಳುವ ದಾರಿ ಬಹಳ ಕಾಲ ಗಾಳಿಯೇ. ಹಾಡು ನಿಮ್ಮದೇ ಫೋನಿನಲ್ಲಿ ನುಡೀತಿದ್ದರೂ ಅದೇ ಫೋನಿನ ಸ್ಪೀಕರಿನಿಂದ ಹೊರಗೆ ಬಂದು ಅದೇ ಫೋನಿನ ಮೈಕಿಗೆ ಬೀಳಬೇಕು. ಇಯರ್‌ಫೋನ್ ಹಾಕಿಕೊಂಡಿದ್ದರೆ ಅದನ್ನು ಕಿತ್ತು ಮೈಕಿನ ತೂತಿಗೆ ಒತ್ತಿ ಹಿಡಿಯೋದು! ಒಂದು ಆ್ಯಪ್ ಇನ್ನೊಂದರ ಧ್ವನಿಯನ್ನು ಕದ್ದು ಕೇಳಬಾರದು ಎಂದು ಆಂಡ್ರಾಯ್ಡ್ ನಡುವೆ ಗೋಡೆ ಕಟ್ಟಿತ್ತು. ನನ್ನ ದೃಷ್ಟಿಯಲ್ಲಿ ಗೋಡೆ ಸರಿಯಾದದ್ದೇ.

2019ರ ಆಂಡ್ರಾಯ್ಡ್ 10 ಆ ಗೋಡೆಯಲ್ಲಿ ಒಂದು ಕಿಟಕಿ ತೆರೆಯಿತು. ಆದರೆ ಅದಕ್ಕೆ ಚಿಲಕ ಒಂದಲ್ಲ. ಧ್ವನಿ ಮುದ್ರಿಸುವ ಅನುಮತಿ ಬೇಕು. ಪರದೆಯನ್ನು ರೆಕಾರ್ಡ್ ಮಾಡುವಾಗ ಬರುವಂಥ ಒಪ್ಪಿಗೆ ಬೇಕು. ಇವೆರಡನ್ನೂ ಬಳಕೆದಾರ ಕೊಡ್ತಾನೆ. ಮೂರನೆಯದು ಅವನ ಕೈಯಲ್ಲಿಲ್ಲ: ಹಾಡನ್ನು ನುಡಿಸುತ್ತಿರುವ ಆ್ಯಪ್ ತನ್ನ ಧ್ವನಿಯನ್ನು ಹಿಡಿಯಲು ಬಿಟ್ಟಿರಬೇಕು. ಬಿಡದಿದ್ದರೆ ಕೇಳುವ ಆ್ಯಪ್‌ಗೆ ಸಿಗೋದು ಬರೀ ಮೌನ. ಫೋನ್ ಕರೆಯ ಮಾತಂತೂ ಈ ಕಿಟಕಿಯಲ್ಲಿ ಬರೋದೇ ಇಲ್ಲ. ಐಫೋನಿನಲ್ಲಿ ದಾರಿ ಬೇರೆ. ಆ್ಯಪಲ್ 2018ರಲ್ಲಿ ಶಜಾಮನ್ನು ಕೊಂಡುಕೊಂಡು, 2020ರ ಐಓಎಸ್ 14.2ರಲ್ಲಿ ಅದನ್ನು ಕಂಟ್ರೋಲ್ ಸೆಂಟರಿಗೇ ಸೇರಿಸಿತು. ಇಯರ್‌ಫೋನ್ ಹಾಕಿದ್ದರೂ ಒಳಗೇ ಕೇಳಿಸಿಕೊಳ್ಳುತ್ತೆ. ಮನೆ ಯಜಮಾನನೇ ಕೇಳೋದಾದರೆ ಕಿಟಕಿ ಯಾಕೆ?

ಹೀಗಾಗಿ ‘ಸಿಗಲಿಲ್ಲ’ ಅನ್ನೋ ಉತ್ತರಕ್ಕೆ ಒಂದೇ ಅರ್ಥ ಇಲ್ಲ. ಗಾಳಿಯಲ್ಲಿ ಚುಕ್ಕಿಗಳು ತೀರಾ ಕಳೆದುಹೋಗಿರಬಹುದು. ಮೂಲದ ಆ್ಯಪ್ ಒಪ್ಪದೆ ಮೌನ ಸಿಕ್ಕಿರಬಹುದು. ಆ ಮುದ್ರಣ ಭಂಡಾರಕ್ಕೆ ಹೋಗಿಯೇ ಇರಲಿಕ್ಕಿಲ್ಲ. ಮೊದಲೆರಡರಲ್ಲಿ ಹಾಡಿನ ಬಗ್ಗೆ ನಮಗೇನೂ ತಿಳಿದಂತಾಗಲಿಲ್ಲ. ಮೂರನೆಯದರಲ್ಲೂ ತಿಳಿಯೋದು ಭಂಡಾರದ ಬಗ್ಗೆ ಮಾತ್ರ: ಕ್ಯಾಸೆಟ್ಟಿನಲ್ಲೇ ಉಳಿದ ಸಿನಿಮಾ ಹಾಡೂ ಅಲ್ಲಿ ಇಲ್ಲದಿರಬಹುದು, ಸ್ಟುಡಿಯೋದಲ್ಲಿ ಹಾಡಿಸಿ ಮಾರಿದ ಹಳ್ಳಿ ಪದ ಇರಬಹುದು. ಅದೇ ಸಿನಿಮಾ ಹಾಡನ್ನು ಮದುವೆ ಮನೆಯಲ್ಲಿ ಅಕ್ಕಂದಿರು ಹಾಡಿದ್ದರೆ ಆ್ಯಪ್‌ಗೆ ಅದು ಅಪರಿಚಿತ. ನಾವು ‘ಜಾನಪದ’ ಅಂತ ಬರೆದರೆ ಅದು ಹಾಗೇ ಅಚ್ಚಾಗಿ, ಮುಂದಿನವರು ಅದನ್ನೇ ಉಲ್ಲೇಖಿಸ್ತಾರೆ. ಕನ್ನಡವನ್ನು ಓದಿ ಬರೆಯದೆ ಬರೀ ಆಡಿ ಉಳಿಸಿಕೊಂಡಿರುವ ಮನೆಗಳ ವಿಷಯದಲ್ಲಿ ಇಂಥ ತಪ್ಪು ತಿದ್ದಲು ಪುಸ್ತಕದ ಆಧಾರವೂ ಸುಲಭಕ್ಕೆ ಸಿಗೋಲ್ಲ.

ಅದಕ್ಕೇ ನನ್ನ ಪಟ್ಟಿಯಲ್ಲಿ ಒಂದೊಂದು ತುಣುಕಿನ ಮುಂದೆ ಯಾವ ಫೋನು, ಯಾವ ದಾರಿ, ಯಾವ ತಾರೀಕು, ಏನು ಉತ್ತರ ಅಂತ ಬರೀತೀನಿ. ‘ಸಿಗಲಿಲ್ಲ’ ಅಂತ ಬಂದರೆ ಕಡತವನ್ನು ಬೇರೆ ಪ್ಲೇಯರಿನಲ್ಲಿ ತೆರೆದು ಒಳಗಿನ ದಾರಿಯಿಂದ ಒಮ್ಮೆ, ಸದ್ದಿಲ್ಲದ ಕೋಣೆಯಲ್ಲಿ ಗಾಳಿಯ ದಾರಿಯಿಂದ ಇನ್ನೊಮ್ಮೆ. ಆಮೇಲೂ ಸಿಗದಿದ್ದರೆ ಪ್ರಕಾರದ ಕಲಮನ್ನು ಖಾಲಿ ಬಿಟ್ಟು, ತುಣುಕು ಕಳಿಸಿದವರ ಮನೆಗೆ ಹೋಗಿ, ‘ಇದು ಯಾರು ಹಾಡಿದ್ದು ಅಮ್ಮಾ, ಎಲ್ಲಿ ಕಲ್ತದ್ದು’ ಅಂತ ಕೇಳೋದು.