ತಪ್ಪಿ ಬಂದ ತೆರಿಗೆ ಯಾರ ಸೊತ್ತು?

'ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ' ಎಂಬ ಗಾದೆ ನಿಮಗೆ ಗೊತ್ತೇ ಇದೆ. ಇನ್ನೊಬ್ಬರ ಹಣದಲ್ಲಿ ಧಾರಾಳತನ ಮೆರೆಯುವವನನ್ನು ನಮ್ಮ ಜನ ಹೀಗೆ ಹಂಗಿಸುತ್ತಾರೆ. ಆದರೆ ಹಣ ಯಾರದು ಎಂಬುದೇ ಕೆಲವು ವೇಳೆ ಸುಲಭವಾಗಿ ತಿಳಿಯುವುದಿಲ್ಲ. ಒಂದು ಸಾಬೂನಿನ ಬಿಲ್ಲೆಯನ್ನೇ ತೆಗೆದುಕೊಳ್ಳಿ. ಅದನ್ನು ತಯಾರಿಸಿದವನು ಸರ್ಕಾರಕ್ಕೆ ಸುಂಕ ಕಟ್ಟುತ್ತಾನೆ. ಕಟ್ಟಿದ್ದನ್ನು ಬೆಲೆಯಲ್ಲಿ ಸೇರಿಸಿ ಅಂಗಡಿಯವನಿಂದ ಪಡೆಯುತ್ತಾನೆ. ಅಂಗಡಿಯವನು ನಿಮ್ಮಿಂದ ಪಡೆಯುತ್ತಾನೆ. ಕೆಲವು ವರ್ಷಗಳ ಮೇಲೆ, ಆ ಸುಂಕವನ್ನು ಎತ್ತುವ ಅಧಿಕಾರವೇ ಸರ್ಕಾರಕ್ಕೆ ಇರಲಿಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತೆನ್ನಿ. ಈಗ ರಸೀತಿ ಇರುವುದು ತಯಾರಕನ ಕೈಯಲ್ಲಿ. ಭಾರ ಹೊತ್ತವರು ನೀವು. ಹಣ ಇರುವುದು ಬೊಕ್ಕಸದಲ್ಲಿ. ಅದು ಮರಳಬೇಕಾದದ್ದು ಯಾರಿಗೆ?

ಒಬ್ಬನ ನಷ್ಟದಿಂದ ಇನ್ನೊಬ್ಬನು ಅನ್ಯಾಯವಾಗಿ ಲಾಭ ಪಡೆಯಕೂಡದೆಂಬ ಮಾತು ಬಹು ಹಳೆಯದು. ಎರಡನೆಯ ಶತಮಾನದ ರೋಮನ್ ನ್ಯಾಯಶಾಸ್ತ್ರಜ್ಞ ಪೊಂಪೋನಿಯಸ್ ಇದನ್ನು ಪ್ರಕೃತಿಸಹಜವಾದ ಧರ್ಮವೆಂದು ಎಣಿಸಿದನು. ಇಂಗ್ಲೆಂಡಿನಲ್ಲಿ ಇದಕ್ಕೆ ಬಲ ಬಂದದ್ದು 1760ರಲ್ಲಿ, ಕೇವಲ ಆರು ಪೌಂಡುಗಳ ಒಂದು ವ್ಯಾಜ್ಯದಿಂದ. ಮೋಸೆಸ್ ಎಂಬುವನು ಕೆಲವು ವಚನಪತ್ರಗಳನ್ನು ಮ್ಯಾಕ್‌ಫರ್ಲೇನನಿಗೆ ರುಜು ಹಾಕಿ ವರ್ಗಾಯಿಸಿದ್ದನು. ಆ ರುಜುವಿನ ಆಧಾರದಿಂದ ಮೋಸೆಸನ ಮೇಲೆ ಬರುವುದಿಲ್ಲವೆಂದು ಮ್ಯಾಕ್‌ಫರ್ಲೇನ್ ಬರೆದುಕೊಟ್ಟಿದ್ದನು. ಆದರೂ ಒಂದು ಚಿಕ್ಕ ನ್ಯಾಯಾಲಯದಲ್ಲಿ ದಾವೆ ಹೂಡಿ ಹಣ ವಸೂಲು ಮಾಡಿದನು. ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಆ ಹಣವನ್ನು ಹಿಂದಕ್ಕೆ ಕೊಡಿಸಿದನು. ಇಬ್ಬರ ನಡುವೆ ಹಿಂದಿರುಗಿಸುವ ಕರಾರು ಇಲ್ಲದಿದ್ದರೂ, ಸಹಜ ನ್ಯಾಯವೇ ಹಿಂದಿರುಗಿಸುವ ಹೊಣೆಯನ್ನು ಹೊರಿಸುತ್ತದೆ ಎಂಬುದು ಅವನ ತೀರ್ಪಿನ ಸಾರ.

ನಮ್ಮ ದೇಶದಲ್ಲಿ ಈ ತತ್ತ್ವವು 1872ರ ಕರಾರು ಕಾಯಿದೆಯ 72ನೆಯ ಕಲಮಿನಲ್ಲಿ ನೆಲೆಗೊಂಡಿತು. ತಪ್ಪಿನಿಂದಾಗಲಿ ಬಲಾತ್ಕಾರದಿಂದಾಗಲಿ ಸಂದ ಹಣವನ್ನು ಪಡೆದವನು ಹಿಂದಕ್ಕೆ ಕೊಡಬೇಕೆಂದು ಅದು ವಿಧಿಸುತ್ತದೆ. ಸಂಗತಿಯ ತಪ್ಪಿಗೆ ಮಾತ್ರ ಇದು ಅನ್ವಯಿಸುವುದೋ, ಕಾನೂನಿನ ಅರ್ಥವನ್ನು ತಪ್ಪು ತಿಳಿದು ಕೊಟ್ಟ ಹಣಕ್ಕೂ ಅನ್ವಯಿಸುವುದೋ ಎಂಬ ಸಂದೇಹ ಬಹುಕಾಲ ಉಳಿದಿತ್ತು. 1949ರಲ್ಲಿ ಪ್ರಿವಿ ಕೌನ್ಸಿಲ್ ಎರಡಕ್ಕೂ ಅನ್ವಯಿಸುತ್ತದೆ ಎಂದಿತು. ಮರುವರ್ಷ ಜಾರಿಗೆ ಬಂದ ನಮ್ಮ ರಾಜ್ಯಾಂಗವು 265ನೆಯ ವಿಧಿಯಲ್ಲಿ, ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಲಾಗದು, ವಸೂಲು ಮಾಡಲಾಗದು ಎಂದು ಸ್ಪಷ್ಟಪಡಿಸಿತು.

ಇವೆರಡೂ ಕೂಡಿದ ಫಲವನ್ನು 1958ರ ಒಂದು ಮೊಕದ್ದಮೆಯಲ್ಲಿ ಕಾಣಬಹುದು. ಬನಾರಸಿನ ಕನ್ಹಯ್ಯಾಲಾಲ್ ಮುಕುಂದಲಾಲ್ ಸರಾಫ್ ಎಂಬ ವ್ಯಾಪಾರಸಂಸ್ಥೆ ತನ್ನ ವಾಯಿದೆ ವ್ಯವಹಾರಗಳ ಮೇಲೆ ಮಾರಾಟ ತೆರಿಗೆ ಕಟ್ಟಿತ್ತು. ಅಂಥ ವ್ಯವಹಾರದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲವೆಂದು ಬೇರೊಂದು ಪ್ರಕರಣದಲ್ಲಿ ತೀರ್ಮಾನವಾದ ಮೇಲೆ, ಕಟ್ಟಿದ್ದನ್ನು ಹಿಂದಕ್ಕೆ ಕೇಳಿತು. ಹಣವನ್ನು ಆಗಲೇ ಖರ್ಚು ಮಾಡಿದ್ದೇವೆ ಎಂಬುದು ಸರ್ಕಾರದ ವಾದಗಳಲ್ಲೊಂದು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಸಾಲ ಪಡೆದವನು ಹಣ ಖರ್ಚಾಯಿತೆಂದು ಹೇಳಿ ನುಣುಚಿಕೊಳ್ಳಲಾರನಷ್ಟೆ. ಸರ್ಕಾರಕ್ಕೂ ಅದೇ ನ್ಯಾಯ.

ಇಲ್ಲಿಗೆ ಕಥೆ ಮುಗಿಯಿತೆಂದು ನೀವು ಭಾವಿಸಬಹುದು. ಆದರೆ ನಮ್ಮ ಸಾಬೂನಿನ ಬಿಲ್ಲೆ ಹಾಗೆಯೇ ಉಳಿದಿದೆ. ತಯಾರಕನು ಸುಂಕವನ್ನು ಗಿರಾಕಿಯಿಂದ ಆಗಲೇ ಪಡೆದಿದ್ದಾನೆ. ಸರ್ಕಾರದಿಂದಲೂ ಮರಳಿ ಪಡೆದರೆ ಒಂದೇ ಹಣ ಅವನಿಗೆ ಎರಡು ಸಲ ಬಂದಂತಾಯಿತು. ಸರ್ಕಾರದ ಅನ್ಯಾಯವನ್ನು ಸರಿಪಡಿಸಲು ಹೋಗಿ ವರ್ತಕನ ಅನ್ಯಾಯಕ್ಕೆ ಬಾಗಿಲು ತೆರೆದಂತಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ನ್ಯಾಯಾಲಯ ಕೊಡಿಸಿದರೂ ಹಣ ಗಿರಾಕಿಯ ಕೈಗೆ ಬಾರದು. ಒರಿಸ್ಸಾ ರಾಜ್ಯವು ಇದನ್ನು ಮನಗಂಡು, ವರ್ತಕನು ಯಾರಿಂದ ತೆರಿಗೆ ಪಡೆದನೋ ಅವರೇ ಮರುಪಾವತಿ ಕೇಳತಕ್ಕದ್ದು ಎಂದು ತನ್ನ ಮಾರಾಟ ತೆರಿಗೆ ಕಾಯಿದೆಯನ್ನು ತಿದ್ದಿತು. 1961ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಕೇಂದ್ರದ ಅಬಕಾರಿ ಮತ್ತು ಆಮದು ಸುಂಕಗಳಿಗೆ ಇಂಥ ನಿಯಮ ಬಂದದ್ದು 1991ರ ಸೆಪ್ಟೆಂಬರಿನಲ್ಲಿ. ಅಂದಿನಿಂದ, ಸುಂಕದ ಭಾರವನ್ನು ಗಿರಾಕಿಗೆ ದಾಟಿಸಿದ್ದಾನೆಂದೇ ಕಾನೂನು ಮೊದಲು ಊಹಿಸುತ್ತದೆ. ದಾಟಿಸಿಲ್ಲವೆಂದು ತೋರಿಸುವ ಹೊಣೆ ಮರುಪಾವತಿ ಕೇಳುವವನದು. ತೋರಿಸಲಾರದಿದ್ದರೆ ಹಣ ಗ್ರಾಹಕ ಕಲ್ಯಾಣ ನಿಧಿಗೆ ಸೇರುತ್ತದೆ. 1996ರ ಡಿಸೆಂಬರಿನಲ್ಲಿ, ಮಫತ್‌ಲಾಲ್ ಕೈಗಾರಿಕಾ ಸಂಸ್ಥೆಯ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ಈ ವ್ಯವಸ್ಥೆಯನ್ನು ಸ್ಥಿರಪಡಿಸಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬಿ. ಪಿ. ಜೀವನ್ ರೆಡ್ಡಿ. 1958ರ ತೀರ್ಪಿನ ಮುಖ್ಯ ಭಾಗಗಳು ಅಂದು ಬಿದ್ದುಹೋದವು. ನ್ಯಾಯಮೂರ್ತಿ ಎಸ್. ಸಿ. ಸೇನ್ ಅವರು ಒಪ್ಪದೆ ಬೇರೆ ತೀರ್ಪು ಬರೆದರು. 2017ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯಲ್ಲಿಯೂ ಇದೇ ಊಹೆ, ಇದೇ ನಿಧಿ ಮುಂದುವರಿದಿವೆ.

ಬಹುಮತದ ತೀರ್ಪಿನಲ್ಲಿ ಒಂದು ಮಾತು ವಿಚಾರಾರ್ಹವಾಗಿದೆ. ಅನ್ಯಾಯ ಲಾಭದ ತತ್ತ್ವ ಸರ್ಕಾರಕ್ಕೆ ತಗುಲದು. ಸರ್ಕಾರವೆಂದರೆ ಪ್ರಜೆಗಳ ಪ್ರತಿನಿಧಿ. ಪ್ರಜೆಗಳೆಲ್ಲರೂ ಅನ್ಯಾಯವಾಗಿ ಲಾಭ ಪಡೆದರೆನ್ನುವಂತಿಲ್ಲ ಎಂಬುದು ಅದರ ಭಾವ. ನಷ್ಟಪಟ್ಟವನು ಗುರುತು ಸಿಕ್ಕದ ಗಿರಾಕಿಯಾಗಿರುವಾಗ ಈ ಮಾತಿಗೆ ಬೆಲೆಯಿದೆ. ಆದರೆ ನಷ್ಟಪಟ್ಟವನು ಕಣ್ಣೆದುರಿಗೇ ನಿಂತಿದ್ದರೆ? ತನಿಖೆಯ ಕಾಲದಲ್ಲಿ ಕಟ್ಟಿಸಿಕೊಂಡ ಹಣದ ಪ್ರಶ್ನೆ ಏಳುವುದು ಇಲ್ಲಿಯೇ.

ಅಧಿಕಾರಿಗಳು ಅಂಗಡಿಗೋ ಕಾರ್ಖಾನೆಗೋ ಬಂದು ಲೆಕ್ಕ ತಪಾಸಣೆ ನಡೆಸುತ್ತಾರೆ. ಇಂತಿಷ್ಟು ತೆರಿಗೆ ಬಾಕಿಯೆಂದು ತೀರ್ಮಾನವಾಗಿರುವುದಿಲ್ಲ, ನೋಟೀಸೂ ಬಂದಿರುವುದಿಲ್ಲ. ಆದರೂ ವರ್ತಕನು ಹಣ ಕಟ್ಟುತ್ತಾನೆ. ಕೊನೆಗೆ ಬಾಕಿಯೇ ಇಲ್ಲವೆಂದು ತೀರ್ಮಾನವಾಗಬಹುದು. ಈ ಹಣ ತೆರಿಗೆಯೋ, ಠೇವಣಿಯೋ? ಸಾಮಾನು ಮಾರಿ ವರ್ಷಗಳಾದ ಮೇಲೆ ಕಟ್ಟಿದ ಹಣವನ್ನು ಅಂದಿನ ಗಿರಾಕಿಯ ಬೆಲೆಯಲ್ಲಿ ಸೇರಿಸಿದ್ದನೆನ್ನುವುದು ಹೇಗೆ? ಅಪೀಲು ನಡೆಯಲೆಂದು ಮುಂಗಡವಾಗಿ ಇಟ್ಟ ಹಣವು ಸುಂಕವೇ ಅಲ್ಲ, ಮರುಪಾವತಿಯ ಕಟ್ಟುಪಾಡು ಅದಕ್ಕೆ ತಗುಲದು ಎಂದು ಬೊಂಬಾಯಿ ಹೈಕೋರ್ಟು 1996ರಲ್ಲಿ ಹೇಳಿತು. ಇನ್ನೊಂದು ಕಡೆ, ಬೆಲೆ ಬದಲಾಗದೆ ಇದ್ದ ಮಾತ್ರಕ್ಕೆ ಭಾರ ದಾಟಿಸಿಲ್ಲವೆಂದು ಸಿದ್ಧವಾಗದು ಎಂದು ಸುಪ್ರೀಂ ಕೋರ್ಟು 2004ರಲ್ಲಿ ಎಚ್ಚರಿಸಿತು. ಆದ್ದರಿಂದ ಲೆಕ್ಕದ ಪುಸ್ತಕ ಮಾತಾಡಬೇಕು: ಕಟ್ಟಿದ ಹಣ ಖರ್ಚಿನ ಬಾಬಿನಲ್ಲಿ ಸೇರಿದೆಯೋ, ಸರ್ಕಾರದಿಂದ ಬರಬೇಕಾದ ಬಾಕಿಯ ಬಾಬಿನಲ್ಲಿ ನಿಂತಿದೆಯೋ ಎಂಬುದನ್ನು ನೋಡುವ ವಾಡಿಕೆ ಬಂದದ್ದು ಇದರಿಂದಲೇ.

ಬೆಂಗಳೂರಿನ ಒಂದು ಉದಾಹರಣೆಯನ್ನು ನೋಡಿ. 2019ರಲ್ಲಿ, ಮನೆಮನೆಗೆ ಊಟ ತಲುಪಿಸುವ ಒಂದು ಕಂಪೆನಿ ತನಿಖೆ ನಡೆಯುತ್ತಿರುವಾಗಲೇ ಎರಡು ಕಂತುಗಳಲ್ಲಿ ಸುಮಾರು 27.5 ಕೋಟಿ ರೂಪಾಯಿ ಕಟ್ಟಿತು. ಸ್ವಇಚ್ಛೆಯಿಂದ ಕಟ್ಟಿದ್ದೆಂದು ಇಲಾಖೆ, ಒತ್ತಾಯದಿಂದ ಕಟ್ಟಿದ್ದೆಂದು ಕಂಪೆನಿ. ತಾನೇ ಲೆಕ್ಕ ಹಾಕಿ ಬಾಕಿಯನ್ನು ಒಪ್ಪಿ ಕಟ್ಟಿದ್ದಕ್ಕೆ ಆಧಾರವಿಲ್ಲವೆಂದು ಕಂಡ ಕರ್ನಾಟಕ ಹೈಕೋರ್ಟು 2021ರಲ್ಲಿ ಕಂಪೆನಿಯ ಪರವಾಗಿ ತೀರ್ಪು ನೀಡಿತು. 2022ರ ಮಾರ್ಚಿನಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಮೇ ತಿಂಗಳಲ್ಲಿ, ಶೋಧನೆಯ ವೇಳೆ ಬಲವಂತದಿಂದ ವಸೂಲಿ ಮಾಡಕೂಡದೆಂದು ಕೇಂದ್ರ ತೆರಿಗೆ ಮಂಡಲಿಯೂ ತನ್ನ ಅಧಿಕಾರಿಗಳಿಗೆ ಸೂಚನೆ ಕಳುಹಿಸಿತು.

ಈ ದೀರ್ಘ ಚರಿತ್ರೆಯಿಂದ ತಿಳಿಯಬೇಕಾದದ್ದೇನು? ಅನ್ಯಾಯ ಲಾಭದ ತತ್ತ್ವವು ಹುಟ್ಟಿದ್ದು ಪಡೆದವನಿಂದ ಕೊಡಿಸಲಿಕ್ಕೆ, ಪಡೆದವನೇ ಉಳಿಸಿಕೊಳ್ಳಲಿಕ್ಕಲ್ಲ. ಗಿರಾಕಿಯ ಹಣ ವರ್ತಕನ ಪಾಲಾಗದಂತೆ ಅದು ಕಾವಲಿರಬೇಕಾದದ್ದು ಸರಿ. ಆದರೆ ಗಿರಾಕಿಯ ಕಾಸು ಒಂದೂ ಸೇರಿರದ ಹಣದ ಮುಂದೆಯೂ ಅದೇ ಕಾವಲುಗಾರನನ್ನು ನಿಲ್ಲಿಸಿದರೆ, ಕಾವಲೇ ತಡೆಯಾಗಿ ನಿಲ್ಲುತ್ತದೆ. ಯಾರ ಗಂಟಿನಿಂದ ಹಣ ಹೋಯಿತು ಎಂಬ ಸರಳವಾದ ಪ್ರಶ್ನೆಯನ್ನು ಪ್ರತಿ ಪ್ರಕರಣದಲ್ಲಿಯೂ ಮೊದಲು ಕೇಳಬೇಕು. ಅದಕ್ಕೆ ದೊರೆತ ಉತ್ತರದ ಕಡೆಗೇ ಹಣವೂ ನಡೆಯಬೇಕು.